ಕ್ಷಣಜೀವಿ ಕಣಗಳ ಆಯಸ್ಸು ಹುಡುಕಿದ ಹೋಮಿ ಭಾಭಾ

ಹೋಮಿ ಭಾಭಾ ಎಂದಕೂಡಲೇ ನಮ್ಮ ಕಡೆಯ ಮಂದಿಗೆ ನೆನಪಾಗುವುದು ಎರಡೇ ಸಂಗತಿ. ಒಂದು, ಮುಂಬಯಿಯ ಟ್ರಾಂಬೆಯಲ್ಲಿರುವ ಅಣುಶಕ್ತಿ ಕೇಂದ್ರ. ಇನ್ನೊಂದು, ಆಲ್ಪ್ಸ್ ಪರ್ವತದಲ್ಲಿ ನಡೆದ ವಿಮಾನ ದುರಂತ. ಶಾಲೆಯ ಪುಸ್ತಕ ಮರಾಠಿಯದಿರಲಿ, ಕನ್ನಡದ್ದಿರಲಿ, ಅವರ ಬಗ್ಗೆ ಹೇಳುವುದು ಹೆಚ್ಚುಕಡಿಮೆ ಇಷ್ಟೇ.

ಆದರೆ ಅಣುಶಕ್ತಿಯ ಹೊಣೆ ಹೊರುವ ಮೊದಲು ಭಾಭಾ ಬೇರೊಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ಆಕಾಶದಿಂದ ಸುರಿಯುವ ಕೆಲವು ಕಣಗಳಿಗೆ ಆಯಸ್ಸು ತೀರಾ ಕಡಿಮೆ. ನಾವು ಒಮ್ಮೆ ಕಣ್ಣು ಮಿಟುಕಿಸುವ ಹೊತ್ತಿದೆಯಲ್ಲ, ಅದರ ಲಕ್ಷದಲ್ಲಿ ಒಂದು ಪಾಲಿನಷ್ಟು ಹೊತ್ತು ಅವು ಬದುಕುತ್ತವೆ. ಹಾಗಿದ್ದರೂ ಅವು ಅಷ್ಟು ಎತ್ತರದಿಂದ ನೆಲದವರೆಗೆ ಹೇಗೆ ಬಂದು ಮುಟ್ಟುತ್ತವೆ? ಇದೇ ಆ ಪ್ರಶ್ನೆ.

ಇದು ಎಲ್ಲೋ ದೂರದ ಮಾತೆಂದು ತಿಳಿಯಬೇಡಿ. ಮಾಡಗ್ಯಾಳದ ಬಯಲಿನಲ್ಲಿ ಕುರಿ ಮೇಯಿಸುವ ಹುಡುಗ ಅಂಗೈ ಚಾಚಿ ನಿಂತರೆ, ಸೆಕೆಂಡಿಗೆ ಒಂದೆರಡರಂತೆ ಇಂಥ ಕಣಗಳು ಅವನ ಕೈಯನ್ನು ತೂರಿ ಹೋಗುತ್ತಲೇ ಇರುತ್ತವೆ. ನೋವಿಲ್ಲ, ಗುರುತಿಲ್ಲ. ಈ ಕಣಕ್ಕೆ ಇಂದಿನ ಹೆಸರು ಮ್ಯುವಾನ್. ಭಾಭಾ ಕಾಲದಲ್ಲಿ ಇದನ್ನು ಮೆಸಾನ್ ಎನ್ನುತ್ತಿದ್ದರು. ಆ ಮೆಸಾನ್ ಎಂಬ ಶಬ್ದವನ್ನು 1939ರಲ್ಲಿ ಸೂಚಿಸಿದವರಲ್ಲಿ ಭಾಭಾ ಅವರೂ ಒಬ್ಬರು.

ಮೈಸೂರಿನ ನಂಟು

ಹೋಮಿ ಜಹಾಂಗೀರ್ ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಸ್ಥಿತಿವಂತ ಪಾರ್ಸಿ ಮನೆತನದಲ್ಲಿ. ಆದರೆ ಈ ಮನೆತನಕ್ಕೂ ಕನ್ನಡ ನಾಡಿಗೂ ಹಳೆಯ ನಂಟು. ಅಜ್ಜ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಳೆದದ್ದು ಬೆಂಗಳೂರಿನಲ್ಲಿ. ಅವರು ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದು ವಕೀಲರಾದರು, ಮದುವೆಯ ನಂತರ ಮುಂಬಯಿಯಲ್ಲಿ ನೆಲೆಸಿದರು. ಸೋದರತ್ತೆ ಮೆಹರ್‌ಬಾಯಿ ಅವರನ್ನು ಕೊಟ್ಟದ್ದು ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿಗೆ.

ಹೀಗಾಗಿ ಭಾಭಾ ಮುಂಬಯಿಯವರೋ ಬೆಂಗಳೂರಿನವರೋ ಎಂದು ಯಾರಾದರೂ ಕೇಳಿದರೆ ಎರಡೂ ಸರಿಯೇ. ಒಂದೇ ಮನೆಯಲ್ಲಿ ಎರಡು ಭಾಷೆ, ಎರಡು ರಾಜ್ಯದ ಬೀಗರನ್ನು ಇಟ್ಟುಕೊಂಡಿರುವ ನಮ್ಮಂಥ ಗಡಿಯವರಿಗೆ ಇದೇನೂ ಹೊಸದಲ್ಲ.

ಹುಡುಗ ಮುಂಬಯಿಯ ಕೆಥೆಡ್ರಲ್ ಶಾಲೆಯಲ್ಲಿ, ಆಮೇಲೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ. ಎಂಜಿನಿಯರ್ ಆಗಿ ಬಂದು ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯ ಕೆಲಸ ಹಿಡಿಯಬೇಕು ಎಂಬುದು ಮನೆಯವರ ಆಸೆ. ಅದಕ್ಕೆಂದೇ 1927ರಲ್ಲಿ ಕೇಂಬ್ರಿಜ್‌ಗೆ ಕಳಿಸಿದರು. ಅಲ್ಲಿ ಒಂದು ವರ್ಷ ಕಳೆಯುವಷ್ಟರಲ್ಲಿ ಮಗನ ಮನಸ್ಸು ಭೌತಶಾಸ್ತ್ರದ ಕಡೆ ತಿರುಗಿತು. ಎಂಜಿನಿಯರಿಂಗ್ ತನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ ಎಂದು ತಂದೆಗೆ ಕಾಗದ ಬರೆದ. ತಂದೆ ಸಿಟ್ಟಾಗಲಿಲ್ಲ. ಮೊದಲು ಎಂಜಿನಿಯರಿಂಗನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸು, ಆಮೇಲೆ ನಿನ್ನಿಷ್ಟದಂತೆ ಓದಲು ದುಡ್ಡು ಕೊಡುತ್ತೇನೆ ಎಂದು ಒಪ್ಪಂದ ಮಾಡಿಕೊಂಡರು. 1930ರಲ್ಲಿ ಮಗ ಮಾತು ಉಳಿಸಿಕೊಂಡ, ತಂದೆಯೂ ಉಳಿಸಿಕೊಂಡರು. ಮಕ್ಕಳ ಓದಿನ ವಿಷಯದಲ್ಲಿ ಹಟ ಹಿಡಿಯುವ ಪಾಲಕರು ನೆನಪಿಡಬೇಕಾದ ಒಪ್ಪಂದ ಇದು.

ಮಳೆಯಂತೆ ಸುರಿಯುವ ಕಣಗಳು

ಆಗ ಕೇಂಬ್ರಿಜ್ ಭೌತಶಾಸ್ತ್ರದ ಕಾಶಿಯಾಗಿತ್ತು. ರುದರ್‌ಫೋರ್ಡ್, ಡಿರಾಕ್ ಅಲ್ಲಿಯೇ ಇದ್ದರು. ಭಾಭಾ ಆರಿಸಿಕೊಂಡ ವಿಷಯ ಕಾಸ್ಮಿಕ್ ಕಿರಣ, ಅಂದರೆ ವಿಶ್ವಕಿರಣ. ಬಾಹ್ಯಾಕಾಶದಿಂದ ಅತಿ ವೇಗದ ಕಣಗಳು ಹಗಲು ರಾತ್ರಿ ಎನ್ನದೆ ಭೂಮಿಯ ಮೇಲೆ ಬಂದೆರಗುತ್ತವೆ. ಅವು ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದಾಗ ಹೊಸ ಕಣಗಳು ಹುಟ್ಟುತ್ತವೆ. ಇಂದಿನ ದೊಡ್ಡ ಯಂತ್ರಗಳು ಬರುವ ಮೊದಲು ಇಂಥ ಕಣಗಳನ್ನು ನೋಡಬೇಕೆಂದರೆ ಆಕಾಶವೇ ಪ್ರಯೋಗಶಾಲೆ.

1937ರಲ್ಲಿ ಭಾಭಾ ಮತ್ತು ಹೈಟ್ಲರ್ ಎಂಬ ವಿಜ್ಞಾನಿ ಸೇರಿ, ಒಂದೇ ಒಂದು ಎಲೆಕ್ಟ್ರಾನ್ ಗಾಳಿಯಲ್ಲಿ ಹೇಗೆ ನೂರಾರು ಕಣಗಳ ಮಳೆಯಾಗಿ ಇಳಿಯುತ್ತದೆ ಎಂಬ ಲೆಕ್ಕ ಕೊಟ್ಟರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಓಪನ್‌ಹೈಮರ್ ಕೂಡ ಇಂಥದೇ ಲೆಕ್ಕ ಮಾಡಿದ್ದರು. ಆದರೆ ಒಂದು ಗಂಟು ಬಿಡಿಸದೆ ಉಳಿಯಿತು. ಕೆಲವು ಕಣಗಳು ದಪ್ಪ ಸೀಸದ ಗೋಡೆಯನ್ನೂ ತೂರಿ ಆಚೆ ಹೋಗುತ್ತಿದ್ದವು. ಎಲೆಕ್ಟ್ರಾನಿಗೆ ಅಷ್ಟು ತಾಕತ್ತಿಲ್ಲ. ಇದು ಎಲೆಕ್ಟ್ರಾನಿಗಿಂತ ಭಾರವಾದ ಬೇರೆ ಕಣ ಎಂಬುದು ಅದೇ ಸುಮಾರಿಗೆ ಅಮೆರಿಕದ ಪ್ರಯೋಗಗಳಿಂದ ಖಚಿತವಾಯಿತು. ಅದರ ತೂಕ ಎಲೆಕ್ಟ್ರಾನಿನ ಸುಮಾರು 207 ಪಟ್ಟು ಎಂದು ಇಂದು ಗೊತ್ತಿದೆ.

ಓಡುವ ಕಣಕ್ಕೆ ಆಯಸ್ಸು ಹೆಚ್ಚು

1938ರಲ್ಲಿ, ತಮ್ಮ 28ನೇ ವಯಸ್ಸಿನಲ್ಲಿ, ಭಾಭಾ ಒಂದು ಚಿಕ್ಕ ಟಿಪ್ಪಣಿ ಪ್ರಕಟಿಸಿದರು. ಈ ಭಾರದ ಕಣ ಶಾಶ್ವತವಲ್ಲ, ತಾನಾಗಿಯೇ ಒಡೆದು ಎಲೆಕ್ಟ್ರಾನ್ ಆಗಿ ಬದಲಾಗುತ್ತದೆ ಎಂಬುದು ಅದರ ಒಂದು ಮಾತು. ಇನ್ನೊಂದು ಮಾತು ಇನ್ನೂ ದೊಡ್ಡದು. ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತದ ಪ್ರಕಾರ ಅತಿ ವೇಗದಲ್ಲಿ ಓಡುವ ಗಡಿಯಾರ ನಮಗೆ ನಿಧಾನವಾಗಿ ನಡೆದಂತೆ ಕಾಣಬೇಕು. ಹುಟ್ಟಿ ಸಾಯುವ ಈ ಕಣವೂ ಒಂದು ಗಡಿಯಾರವೇ ತಾನೆ? ಹಾಗಾದರೆ ವೇಗವಾಗಿ ಓಡುವ ಕಣ, ನಿಂತ ಕಣಕ್ಕಿಂತ ಹೆಚ್ಚು ಹೊತ್ತು ಬದುಕಬೇಕು ಎಂದು ಭಾಭಾ ತೋರಿಸಿದರು.

ಲೆಕ್ಕ ಹಾಕಿ ನೋಡೋಣ. ನಿಂತ ಮ್ಯುವಾನಿನ ಸರಾಸರಿ ಆಯಸ್ಸು ಒಂದು ಸೆಕೆಂಡಿನ 10 ಲಕ್ಷದ 2.2 ಪಾಲು, ಅಂದರೆ 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅಷ್ಟು ವೇಗದಲ್ಲಿ ಓಡಿದರೂ ಆ ಹೊತ್ತಿನಲ್ಲಿ ಸಾಗುವ ದೂರ 660 ಮೀಟರ್ ಮಾತ್ರ. ಆದರೆ ಮ್ಯುವಾನುಗಳು ಹುಟ್ಟುವುದು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಆಯಸ್ಸು ಹಿಗ್ಗದಿದ್ದರೆ ನೂರಾರು ಕೋಟಿ ಕಣಗಳಲ್ಲಿ ಒಂದು ನೆಲ ಮುಟ್ಟಿದರೆ ಹೆಚ್ಚು. ನಿಜದಲ್ಲಿ ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ನಿಮಿಷಕ್ಕೆ ಸುಮಾರು ಒಂದು ಮ್ಯುವಾನ್ ಬೀಳುತ್ತದೆ. ಓಟವೇ ಅದರ ಆಯಸ್ಸನ್ನು ಹಿಗ್ಗಿಸಿದೆ.

ಕಾಗದದ ಮೇಲಿನ ಈ ಲೆಕ್ಕವನ್ನು ಪ್ರಯೋಗದಿಂದ ತೋರಿಸಿದವರು ಬ್ರೂನೊ ರೋಸಿ. ಇಟಲಿಯಿಂದ ಯೆಹೂದಿ ಎಂಬ ಕಾರಣಕ್ಕೆ ಹೊರಬಿದ್ದು ಅಮೆರಿಕ ಸೇರಿದ್ದ ರೋಸಿ, ಕೊಲೊರಾಡೊದ ಬೆಟ್ಟದ ಮೇಲೆ ಮತ್ತು ಕೆಳಗೆ ಕಣಗಳನ್ನು ಎಣಿಸಿದರು. ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಎಷ್ಟು ಕಣ ಕಡಿಮೆಯಾದವು ಎಂದು ನೋಡಿದರೆ ದಾರಿಯಲ್ಲಿ ಸತ್ತವೆಷ್ಟು ಎಂದು ತಿಳಿಯುತ್ತದೆ. 1941ರಲ್ಲಿ ರೋಸಿ ಮತ್ತು ಹಾಲ್ ಅವರ ಎಣಿಕೆ, ವೇಗದ ಕಣಗಳು ನಿಧಾನದ ಕಣಗಳಿಗಿಂತ ಹೆಚ್ಚು ಬದುಕುತ್ತವೆ ಎಂದು ಸ್ಪಷ್ಟಪಡಿಸಿತು. ನಿಂತ ಕಣದ ಆಯಸ್ಸನ್ನು ಅಳೆಯುವ ಬಗೆ ಬೇರೆ. ಕಣ ಲೋಹದ ದಿಮ್ಮಿಯೊಳಗೆ ಹೊಕ್ಕು ನಿಂತಾಗ ಗಡಿಯಾರ ಶುರು. ಅದು ಒಡೆದು ಎಲೆಕ್ಟ್ರಾನ್ ಹೊರಬಂದಾಗ ಗಡಿಯಾರ ಬಂದ್. ಸಾವಿರಾರು ಸಲ ಹೀಗೆ ಬರೆದಿಟ್ಟು ಸರಾಸರಿ ತೆಗೆಯುವುದು. 1943ರ ಹೊತ್ತಿಗೆ ರೋಸಿ ಅವರ ತಂಡಕ್ಕೆ 2.15 ಮೈಕ್ರೋಸೆಕೆಂಡ್ ಎಂಬ ಉತ್ತರ ಸಿಕ್ಕಿತ್ತು.

ರಜೆಗೆ ಬಂದವರು ಇಲ್ಲಿಯೇ ಉಳಿದರು

ರೋಸಿ ಬೆಟ್ಟ ಹತ್ತಿಳಿಯುವಾಗ ಭಾಭಾ ಎಲ್ಲಿದ್ದರು? ಬೆಂಗಳೂರಿನಲ್ಲಿ. 1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಕೇಂಬ್ರಿಜ್‌ಗೆ ಹಿಂದಿರುಗುವ ದಾರಿ ಮುಚ್ಚಿತು. ಅಜ್ಜ ಕೆಲಸ ಮಾಡಿದ, ತಂದೆ ಬೆಳೆದ ಊರೇ ಅವರಿಗೆ ಆಸರೆಯಾಯಿತು. ಟಾಟಾ ಅವರ ದುಡ್ಡು, ಮೈಸೂರು ಸಂಸ್ಥಾನದ ಭೂಮಿ ಸೇರಿ ಕಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೀಡರ್ ಹುದ್ದೆ ಸಿಕ್ಕಿತು. ಅಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು ಸಿ. ವಿ. ರಾಮನ್. ವಿಕ್ರಮ್ ಸಾರಾಭಾಯಿ ಕೂಡ ಯುದ್ಧದಿಂದಾಗಿ ಕೇಂಬ್ರಿಜ್ ಬಿಟ್ಟು ಅಲ್ಲಿಗೇ ಬಂದು ವಿಶ್ವಕಿರಣಗಳ ಅಧ್ಯಯನ ನಡೆಸಿದ್ದರು. 1941ರಲ್ಲಿ, 31ನೇ ವಯಸ್ಸಿಗೆ, ಭಾಭಾ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಅಲ್ಲಿಯವರೆಗೆ ಭಾಭಾ ಪೆನ್ನು ಕಾಗದದ ವಿಜ್ಞಾನಿ. ಬೆಂಗಳೂರಿನಲ್ಲಿ ಅವರು ಪ್ರಯೋಗಕ್ಕೂ ಕೈ ಹಾಕಿದರು. ದೊರಾಬ್‌ಜಿ ಟಾಟಾ ಟ್ರಸ್ಟಿನ ನೆರವಿನಿಂದ ವಿಶ್ವಕಿರಣ ಸಂಶೋಧನಾ ಘಟಕ ತೆರೆದರು. ಇದಕ್ಕೆ ಬೆಂಗಳೂರು ಒಳ್ಳೆಯ ಜಾಗ. ಭೂಮಿಯ ಕಾಂತಕ್ಷೇತ್ರದ ಲೆಕ್ಕದಲ್ಲಿ ಅದು ಸಮಭಾಜಕಕ್ಕೆ ಬಹಳ ಹತ್ತಿರ. ಕಡಿಮೆ ಶಕ್ತಿಯ ಕಿರಣಗಳನ್ನು ಭೂಮಿಯ ಕಾಂತವೇ ಅಲ್ಲಿ ಆಚೆ ತಳ್ಳಿಬಿಡುತ್ತದೆ, ಬಲವಾದವು ಮಾತ್ರ ಒಳಗೆ ಬರುತ್ತವೆ. ಯುರೋಪ್, ಅಮೆರಿಕದ ಎಣಿಕೆಯೊಂದಿಗೆ ಇಲ್ಲಿಯ ಎಣಿಕೆ ಹೋಲಿಸಿದರೆ ಬಹಳ ಸಂಗತಿ ತಿಳಿಯುತ್ತವೆ.

ಉಪಕರಣವೇನೋ ಸಾದಾ. ಗೈಗರ್ ಕೌಂಟರ್ ಎಂಬ ನಳಿಗೆಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ಸೀಸದ ಗಟ್ಟಿ ಇಡುವುದು. ಎಲ್ಲ ನಳಿಗೆಗಳೂ ಒಂದೇ ಕ್ಷಣಕ್ಕೆ ಸದ್ದು ಕೊಟ್ಟರೆ ಮಾತ್ರ ಸೀಸ ತೂರಿ ಬಂದ ಕಣ ಎಂದು ಎಣಿಕೆ. ಇದನ್ನು ಎತ್ತರಕ್ಕೆ ಒಯ್ಯುವುದು ಹೇಗೆ? ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಸೇನಾ ವಿಮಾನಗಳಿದ್ದವು. ಭಾಭಾ ಅವರನ್ನು ಒಪ್ಪಿಸಿ, ಉಪಕರಣವನ್ನು ಸುಮಾರು 30 ಸಾವಿರ ಅಡಿ ಎತ್ತರಕ್ಕೆ ಕಳಿಸಿ ಮೆಸಾನ್‌ಗಳನ್ನು ಎಣಿಸಿದರು. ಈ ಕೆಲಸದಲ್ಲಿ ಜೊತೆಗಿದ್ದವರಲ್ಲಿ ಎಸ್. ವಿ. ಚಂದ್ರಶೇಖರ ಅಯ್ಯ ಒಬ್ಬರು. ಎಣಿಕೆಯ ಫಲ 1945ರಲ್ಲಿ ಪ್ರಕಟವಾಯಿತು.

ಈ ವರ್ಷಗಳಲ್ಲಿಯೇ ಭಾಭಾ ಅವರ ಬದುಕಿನ ದೊಡ್ಡ ತೀರ್ಮಾನವೂ ಆಯಿತು. ಯುದ್ಧ ಮುಗಿದ ಮೇಲೆ ಯುರೋಪ್ ಅಥವಾ ಅಮೆರಿಕದಲ್ಲಿ ಒಳ್ಳೆಯ ಹುದ್ದೆ ಹಿಡಿಯುವುದು ಅವರ ಮೊದಲಿನ ವಿಚಾರ. ಹೋಗಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ತಕ್ಕ ಅನುಕೂಲ ಸಿಗುವುದಾದರೆ ತನ್ನ ದೇಶದಲ್ಲಿಯೇ ಉಳಿದು ಕೆಲಸ ಕಟ್ಟುವುದು ಕರ್ತವ್ಯ ಎಂದು ಅವರಿಗೆ ಅನಿಸತೊಡಗಿತು. 1944ರ ಮಾರ್ಚ್ 12ರಂದು ಟಾಟಾ ಟ್ರಸ್ಟಿಗೆ ಕಾಗದ ಬರೆದು, ಮೂಲ ಭೌತಶಾಸ್ತ್ರಕ್ಕೆ ದೇಶದಲ್ಲಿ ಒಂದು ದೊಡ್ಡ ಸಂಶೋಧನಾ ಕೇಂದ್ರ ಬೇಕು ಎಂದು ಕೇಳಿದರು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಶುರುವಾದದ್ದು ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಆ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. ಅಲ್ಲಿ ಮೊದಲ ನೆಲೆ ಪೆಡ್ಡರ್ ರೋಡಿನಲ್ಲಿ ಭಾಭಾ ಅವರ ಬಂಧುವೊಬ್ಬರ ಬಂಗಲೆ.

ಬಂಗಾರದ ಗಣಿಯೊಳಗೆ

ಕಣದ ಕಥೆ ಮುಂದುವರಿಯಿತು. 1947ರಲ್ಲಿ ಇಂಗ್ಲೆಂಡಿನ ಪೊವೆಲ್ ತಂಡ ಫೋಟೋ ತಟ್ಟೆಗಳಲ್ಲಿ ಹೊಸ ಕಣವೊಂದನ್ನು ಕಂಡಿತು. ಅದೇ ಪಯಾನ್. ಅದು ಒಡೆದು ಮ್ಯುವಾನ್ ಆಗುತ್ತದೆ, ಮ್ಯುವಾನ್ ಒಡೆದು ಎಲೆಕ್ಟ್ರಾನ್ ಆಗುತ್ತದೆ. 1938ರಲ್ಲಿ ಭಾಭಾ ಮತ್ತು ಉಳಿದವರು ಒಂದೇ ಎಂದುಕೊಂಡಿದ್ದುದು ನಿಜದಲ್ಲಿ ಎರಡು ಕಣ. ಅಷ್ಟರಮಟ್ಟಿಗೆ ಅವರ ಚಿತ್ರ ತಪ್ಪಾಗಿತ್ತು. ಓಟದಿಂದ ಆಯಸ್ಸು ಹಿಗ್ಗುವ ಲೆಕ್ಕ ಮಾತ್ರ ಎರಡಕ್ಕೂ ಸರಿಯಾಗಿಯೇ ಉಳಿಯಿತು.

1951ರಲ್ಲಿ ಭಾಭಾ ತಮ್ಮ ಸಂಸ್ಥೆಯ ಒಬ್ಬ ತರುಣನಿಗೆ ಕೋಲಾರದ ಬಂಗಾರದ ಗಣಿಗೆ ಇಳಿದು ಮೆಸಾನ್ ಎಣಿಸುವ ಕೆಲಸ ವಹಿಸಿದರು. ಆ ತರುಣ ನಂಜನಗೂಡಿನ ಬಿ. ವಿ. ಶ್ರೀಕಂಠನ್. ವಿಮಾನದಲ್ಲಿ ಮೇಲಕ್ಕೆ ಹೋಗಿದ್ದ ಎಣಿಕೆ ಈಗ ನೆಲದ ಕೆಳಕ್ಕೆ ಹೋಯಿತು. ಕೋಲಾರದ ಚಾಂಪಿಯನ್ ರೀಫ್ ಗಣಿ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು, ಸುಮಾರು 3 ಕಿಲೋಮೀಟರ್ ಆಳ. ನಮ್ಮ ಕಡೆ ಕರಿಕಲ್ಲು ಕೊರೆದು 500 ಅಡಿ ಬೋರ್ ಹಾಕಿಸಿದರೆ ಆಳ ಎನ್ನುತ್ತೇವೆ. ಅಲ್ಲಿ ವಿಜ್ಞಾನಿಗಳು ಗಣಿ ಕೆಲಸಗಾರರ ಜೊತೆ 7 ಸಾವಿರ ಅಡಿಗೂ ಕೆಳಗೆ ಹೋಗಿ, ಸೆಕೆ ತಾಳಿಕೊಂಡು, ಯಂತ್ರ ಇಟ್ಟು ಬಂದರು.

ಆಳಕ್ಕೆ ಹೋದಷ್ಟೂ ಬಂಡೆ ಕಣಗಳನ್ನು ತಡೆಯುತ್ತದೆ, ಎಣಿಕೆ ಇಳಿಯುತ್ತದೆ. 1960ರ ದಶಕದ ಆರಂಭದಲ್ಲಿ ಅತಿ ಆಳದ ಜಾಗದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯುವಾನ್ ಕೂಡ ಬರಲಿಲ್ಲ. ಬರೀ ಸೊನ್ನೆ ಸಿಕ್ಕಿತೆಂದು ಬೇಸರಪಡುವಂತಿರಲಿಲ್ಲ. ವಿಶ್ವಕಿರಣದ ಗದ್ದಲವೇ ಇಲ್ಲದ ಜಾಗ ಸಿಕ್ಕಿತೆಂದು ಅದರ ಅರ್ಥ. ಯಾವುದಕ್ಕೂ ತಡೆಯಿಲ್ಲದೆ ಇಡೀ ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೊ ಹುಡುಕಲು ಇದೇ ತಕ್ಕ ಜಾಗ. 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಕೋಲಾರದಲ್ಲಿ ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಬಂಗಾರದ ಗಣಿಯಲ್ಲಿ ಇನ್ನೊಂದು ತಂಡವೂ ಕಂಡಿತು. ಮೊದಲು ಪ್ರಕಟವಾದದ್ದು ಕೋಲಾರದ ಫಲ.

56ನೇ ವಯಸ್ಸಿಗೆ ಮುಗಿದ ಬದುಕು

ಇಷ್ಟರಲ್ಲಿ ಭಾಭಾ ಅವರ ಸ್ವಂತ ಸಂಶೋಧನೆ ಹೆಚ್ಚುಕಡಿಮೆ ನಿಂತು ಹೋಗಿತ್ತು. 1948ರಲ್ಲಿ ಅವರು ಅಣುಶಕ್ತಿ ಆಯೋಗದ ಮೊದಲ ಅಧ್ಯಕ್ಷರಾದರು. 1955ರಲ್ಲಿ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆ ಕುರಿತ ವಿಶ್ವಸಂಸ್ಥೆಯ ಸಮ್ಮೇಳನಕ್ಕೆ ಅಧ್ಯಕ್ಷತೆ ವಹಿಸಿದರು. 1956ರಲ್ಲಿ ಟ್ರಾಂಬೆಯ ಅಪ್ಸರಾ ರಿಯಾಕ್ಟರ್ ಶುರುವಾಯಿತು. ಕಡತ, ಸಭೆ, ಪ್ರವಾಸಗಳಲ್ಲಿ ದಿನ ಕಳೆಯುತ್ತಿದ್ದವು. ಮದುವೆಯಾಗಲಿಲ್ಲ. ಚಿತ್ರ ಬರೆಯುವುದು, ಪಾಶ್ಚಾತ್ಯ ಸಂಗೀತ ಕೇಳುವುದು, ಗಿಡಮರ ಬೆಳೆಸುವುದು ಅವರ ಹವ್ಯಾಸ. ಕೇಂಬ್ರಿಜ್‌ಗೆ ಮರಳಿದ್ದರೆ ಅವರ ಹೆಸರಿನ ಲೆಕ್ಕಗಳು ಇನ್ನೂ ಎಷ್ಟೋ ಇರುತ್ತಿದ್ದವು. ಬದಲಿಗೆ ಬೇರೆಯವರು ಲೆಕ್ಕ ಮಾಡಲಿ, ಪ್ರಯೋಗ ಮಾಡಲಿ ಎಂದು ಜಾಗ ಕಟ್ಟಿಕೊಟ್ಟರು. ಇಲ್ಲಿಯೇ ಉಳಿದದ್ದಕ್ಕೆ ಅವರು ಕೊಟ್ಟ ಬೆಲೆ ಅದು.

1966ರ ಜನವರಿ 24ರಂದು, ವಿಯೆನ್ನಾದ ಸಭೆಗೆಂದು ಹೊರಟಿದ್ದ ಭಾಭಾ ಅವರಿದ್ದ ಏರ್ ಇಂಡಿಯಾದ ಕಾಂಚನಜುಂಗಾ ವಿಮಾನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಒಳಗಿದ್ದ 117 ಮಂದಿಯೂ ತೀರಿಕೊಂಡರು. ಭಾಭಾ ಅವರಿಗೆ ಆಗ 56 ವರ್ಷ. 1967ರ ಜನವರಿಯಲ್ಲಿ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು.

ನಿಲ್ಲದ ಎಣಿಕೆ

ಅವರು ಹೋದರೂ ಕೋಲಾರದ ಎಣಿಕೆ ನಿಲ್ಲಲಿಲ್ಲ. 1980ರಿಂದ ಗಣಿಯ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ಕಬ್ಬಿಣದ ಯಂತ್ರ ಇಟ್ಟು ಇನ್ನೂ ದೊಡ್ಡ ಪ್ರಶ್ನೆ ಕೇಳಲಾಯಿತು. ಮ್ಯುವಾನ್ ಒಡೆಯುತ್ತದೆ, ಸರಿ. ನಮ್ಮ ಮೈ, ಮಣ್ಣು, ಕಲ್ಲು ಎಲ್ಲದರಲ್ಲಿಯೂ ಇರುವ ಪ್ರೋಟಾನ್ ಕೂಡ ಎಂದಾದರೂ ಒಡೆಯುತ್ತದೆಯೇ? ಕೋಲಾರದ ತಂಡ ಕೆಲವು ಘಟನೆಗಳನ್ನು ಗುರುತಿಸಿ ಇವು ಪ್ರೋಟಾನ್ ಒಡೆದ ಗುರುತಿರಬಹುದು ಎಂದಿತು. ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಯಂತ್ರಗಳು ಅದನ್ನು ಒಪ್ಪಲಿಲ್ಲ. ಪ್ರೋಟಾನ್ ಒಡೆಯುವುದನ್ನು ಯಾರೂ ಖಚಿತವಾಗಿ ಕಂಡಿಲ್ಲ. ಒಂದರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಕ್ಕೂ ಅದರ ಆಯಸ್ಸು ಹೆಚ್ಚು ಎಂದು ಜಪಾನಿನ ಪ್ರಯೋಗ ಹೇಳುತ್ತದೆ. ಕೋಲಾರದ ಪ್ರಯೋಗಗಳು 1992ರಲ್ಲಿ ಮುಗಿದವು, ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಶ್ರೀಕಂಠನ್ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದು, 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಈ ಕಣಗಳ ಜಾಡು ನೋಡಲು ಇಂದು ಗಣಿಗೆ ಇಳಿಯಬೇಕಿಲ್ಲ, ವಿಮಾನ ಹತ್ತಬೇಕಿಲ್ಲ. ಗಾಜಿನ ಡಬ್ಬಿ, ಸ್ಪಿರಿಟ್‌ನಂಥ ಆಲ್ಕೋಹಾಲ್, ಒಣ ಮಂಜುಗಡ್ಡೆ, ಒಂದು ಟಾರ್ಚ್ ಇದ್ದರೆ ಮೋಡದ ಪೆಟ್ಟಿಗೆ ತಯಾರಾಗುತ್ತದೆ. ಕಣ ಹಾದುಹೋದಲ್ಲಿ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆ ಮೂಡಿ ಮಾಯವಾಗುತ್ತದೆ. ಆಲ್ಕೋಹಾಲಿಗೆ ಬೆಂಕಿ ತಗಲುವ ಅಪಾಯ ಇರುವುದರಿಂದ ಮೇಷ್ಟ್ರು ಜೊತೆಗಿರಲೇಬೇಕು. ಪ್ರತಿ ವರ್ಷ ಅಕ್ಟೋಬರ್ 30 ಭಾಭಾ ಅವರ ಹುಟ್ಟಿದ ದಿನ. ನಮ್ಮ ತಾಲೂಕಿನ ಕನ್ನಡ ಶಾಲೆಯೋ ಮರಾಠಿ ಶಾಲೆಯೋ ಆ ದಿನ ಫೋಟೋಕ್ಕೆ ಹಾರ ಹಾಕುವುದರ ಜೊತೆಗೆ ಇಂಥ ಒಂದು ಪೆಟ್ಟಿಗೆಯನ್ನು ಮಕ್ಕಳಿಗೆ ತೋರಿಸಿದರೆ, ಪುಸ್ತಕದಲ್ಲಿ ಇಲ್ಲದ ಭಾಭಾ ಅವರ ಪರಿಚಯವೂ ಆದೀತು.